ಎಡಗಡೆಯ ಜೇಬು

...ಅಯ್ಯೋ, ತಲೆಕೆಳಗಾಗಿ ಹಿಡ್ಕೊಂಡಿದೀಯ ಕಣೋ! ಕೊಡಿಲ್ಲಿ. ಹಾಂ... ಈಗ ಸರಿಯಾಯ್ತು. ಯಾಕೋ ನಗ್ತೀಯ? ಕಣ್ಣಿಗೆ ಪಟ್ಟಿ ಕಟ್ಟಿಸ್ಕೊಂಡೋನು ಪುಸ್ತಕ ಉಲ್ಟಾ ಹಿಡಿದ್ರೆ ತಪ್ಪೇನಿಲ್ಲ ಬಿಡು. ಕಣ್ಣು ನೆಟ್ಟಗಿರೋರೇ ನಮ್ಮ ಪ್ರೆಸ್ಸಲ್ಲಿ ಮುಖಪುಟ ಉಲ್ಟಾ ಅಂಟಿಸ್ತಾರೆ. ನಗು, ನಗು. ನಗಬಹುದು ಅಂದಿದಾರೆ ಡಾಕ್ಟರು. ಅಳೋದೊಂದೇ ಬೇಡ. ಹೊಲಿಗೆ ಇನ್ನೂ ಹಸಿ, ಅತ್ತರೆ ಇದ್ದ ಕಣ್ಣೂ ಕೈಬಿಟ್ಟ ಹಾಗೇ ಅಂತ... ಗೊತ್ತು, ನೂರು ಸಲ ಹೇಳಿದೀನಿ. ಇನ್ನೊಂದು ಸಲ ಅಕ್ಕನ ಮಾತು ಕೇಳಿದ್ರೆ ಗಂಟೇನು ಹೋಗಲ್ಲ.

ಇದು ನಿನ್ನ ಪುಸ್ತಕದ ಮಾದರಿ ಪ್ರತಿ. ಒಳಗಿನ ಫೋಟೋಗಳೆಲ್ಲ ನೀನೇ ತೆಗೆದು ಆರಿಸಿಟ್ಟವು, ಆ ಹಾಳು ಜೀಪು ಉರುಳೋಕೆ ಮುಂಚೆ. ಒಂದನ್ನೂ ನಾನು ಆಚೀಚೆ ಮಾಡಿಲ್ಲ. ಆದ್ರೆ ಮುಖಪುಟದಲ್ಲಿ ಫೋಟೋನೇ ಇಲ್ಲ! ಸಿಟ್ಟು ಮಾಡ್ಕೋಬೇಡ, ಮೊದಲು ಮುಟ್ಟಿ ನೋಡು. ಇಷ್ಟು ವರ್ಷ ನಾನು ಮಾಡಿದ ಮುಖಪುಟ ಎಲ್ಲಾ ಕಣ್ಣಿಗೇ ಆಯ್ತು. ನೀನು ಹೀಗೆ ಮಲಗಿದ ಮೇಲೆ... ಬೆರಳಿಗೊಂದು ಮಾಡೋಣ ಅನ್ನಿಸ್ತು.

ಬೆರಳು ಕೊಡು. ಇಲ್ಲಿಂದ ಹೊರಡು. ಉಬ್ಬಿದೆಯಲ್ಲ ಗೆರೆ, ಅದು ರಸ್ತೆ. ಹಿಂಗೇ ಹೋಗು... ತಿರುವು... ಈಗ ತರಿತರಿ ಅನ್ನುತ್ತಾ? ಮರಳು. ನಿಜವಾದ ಮರಳು ಕಣೋ, ಗೋಂದು ಬಳಿದು ಉದುರಿಸಿದ್ದು! 'ಕಪಾಟಲ್ಲಿಟ್ರೆ ಪಕ್ಕದ ಪುಸ್ತಕದ ಮೈಯೆಲ್ಲ ಕೆರೆದುಹೋಗುತ್ತಮ್ಮಾ' ಅಂತ ಪ್ರೆಸ್ ಮಾಲೀಕರು ಬಾಯಿ ಬಾಯಿ ಬಡ್ಕೊಂಡ್ರು. ಕೆರೀಲಿ ಬಿಡಿ, ಅಂದೆ. ಇಲ್ಲೊಂದು ಚಕ್ರ. ತಿರುಗಿಸು. ಟಿಕ್... ಟಿಕ್... ಲೆನ್ಸ್ ತಿರುಗಿಸಿದ ಹಾಗಿಲ್ವಾ? ನೋಡಿದ್ಯಾ, ನೋಡಿದ್ಯಾ, ಮುಖ ಹೇಗೆ ಅರಳ್ತು!

ಅವಳಾ? ...ಚೆನ್ನಾಗಿದಾಳೆ. ಹೇಳಿದ್ನಲ್ಲ, ಮೇಲಿನ ವಾರ್ಡಲ್ಲಿದಾಳೆ, ಕಾಲಿಗೆ ಪ್ಲಾಸ್ಟರ್ ಹಾಕಿದಾರೆ. ನಿನ್ನ ಗಡಿಬಿಡಿ ಹೇಗಿರ್ತಾಳೆ, ಹಾಗೇ. 'ಯಾವಾಗ ಮನೆಗೆ ಬಿಡ್ತೀರಾ' ಅಂತ ನರ್ಸುಗಳ ಪ್ರಾಣ ತಿಂತಿದಾಳೆ. ಹೆಂಡ್ತಿಗೆ ಗಡಿಬಿಡಿ ಅಂತ ಹೆಸರಿಟ್ಟೋನು ನೀನು, ಅನುಭವಿಸೋರು ಅವರು. ...ಫೋನಾ? ಮಾತಾಡಿದ್ರೆ ಪಕ್ಕೆ ನೋಯುತ್ತಂತೆ ಕಣೋ, ಪಕ್ಕೆಗೂ ಪೆಟ್ಟಾಗಿದೆ. ಆಮೇಲೆ... ಆಮೇಲೆ ಮಾಡಿಸ್ತೀನಿ. ನೀನು ಮುಂದಕ್ಕೆ ಹೋಗು, ರಸ್ತೆ ಇನ್ನೂ ಮುಗಿದಿಲ್ಲ.

ಬಂತಾ ಬಟ್ಟೆ? ಅದೇ ನೋಡು ತಮಾಷೆ! ಜೇಬು! ಗುಂಡಿ ಬಿಚ್ಚು. ಒಳಗೆ ಕೈ ಹಾಕು... ಏನು ಸಿಕ್ತು? ಲೆನ್ಸಿನ ಮುಚ್ಚಳ! ಹೋದ ಹೋದ ಕಡೆಯೆಲ್ಲ 'ಮುಚ್ಚಳ ಎಲ್ಲಿ, ಮುಚ್ಚಳ ಎಲ್ಲಿ' ಅಂತ ನೀನು ಪರದಾಡೋದು, ಅವಳು ಕೋಟಿನ ಎಡಜೇಬಿಂದ ತೆಗೆದು ಕೊಡೋದು. ನಮ್ಮನೇಲಿ ಕೂತು ಎಷ್ಟು ಸಲ ಹೇಳ್ಕೊಂಡು ನಕ್ಕಿದೀರ ಇಬ್ರೂ! ಪುಸ್ತಕದೊಳಗೆ ಅವಳದೊಂದು ಫೋಟೋನೂ ಇಲ್ಲ ಕಣೋ. ಎಲ್ಲಾ ಕಡೆ ನಿನ್ನ ಬೆನ್ನ ಹಿಂದೇನೇ ನಿಂತೋಳು. ಮುಖಪುಟದಲ್ಲಾದ್ರೂ ಇರ್ಲಿ ಅಂತ...

ಏನಾಯ್ತು? ಬೆರಳು ಯಾಕೆ ನಿಲ್ಲಿಸ್ದೆ? ...ಅದಾ? ಅದೇನಿಲ್ಲ. ಅವಳ ಕೋಟಿನಂಥದೇ ಬಟ್ಟೆ ಹುಡುಕಿ ತಂದಿದ್ದು. ಎಲ್ಲಾ ಪ್ರತಿಗೂ ಅಂಥದೇ ಹಾಕ್ತೀವಿ.

ಮೂಲೆಯ ಹೊಲಿಗೆ? ...ಹೂಂ. ಗಾಳದ ದಾರ. ಹೌದು, ಜೇಬು ಹರಿದಾಗ ನೀನೇ ಹಾಕಿದ ಹೊಲಿಗೆ. ಅವಳ ಕೋಟೇ, ಆಯ್ತಾ? ಅವಳೇ ಕೊಟ್ಟಳು! 'ಹಳೇದಾಯ್ತು, ಕತ್ತರಿಸ್ಕೊಳ್ಳಿ ಅಕ್ಕಾ' ಅಂದಳು. ನಗ್ತಾ ನಗ್ತಾನೇ ಅಂದಳು...

ಹಾಗೆ ಮೂಸಬೇಡ. ಸೋಪಿನ ವಾಸನೆ, ಅಷ್ಟೇ. ಒಗೆದೆ. ಕೊಳೆಯಾಗಿತ್ತು, ಅದಕ್ಕೆ. ಮಣ್ಣು ಕಣೋ, ಬರೀ ಮಣ್ಣು...

ಬೈಯಿ. ಸುಳ್ಳಿ ಅನ್ನು.

ಮಲಗೋವಾಗಲೂ ಆ ಕೋಟು ಬಿಚ್ಚದೋಳು. ಒಗೀತೀನಿ ಅಂತ ಕೈ ಚಾಚಿದ್ರೇ ನನ್ನ ಮೇಲೆ ಸಿಡುಕ್ತಿದ್ದೋಳು. ಅವಳಿದ್ದಿದ್ರೆ ಅದಕ್ಕೆ ಕತ್ತರಿ ಹಾಕೋಕೆ ಬಿಡ್ತಿದ್ಲಾ ಅಂತ ತಾನೇ... ಅದೇ ತಾನೇ ಯೋಚಿಸ್ತಿರೋದು? ನಿನ್ನ ಬೆರಳಿಗೇ ಅಂತ ಮಾಡಿದ್ದು ನಾನು. ಬೆರಳಿಗೆ ಇಷ್ಟೆಲ್ಲ ಗೊತ್ತಾಗುತ್ತೆ ಅಂತ ಹೊಳೀಲೇ ಇಲ್ಲ ಕಣೋ.

ಬೇಡ, ಪಟ್ಟಿಗೆ ಕೈ ಹಾಕ್ಬೇಡ! ಕೈ ಕೊಡಿಲ್ಲಿ, ಎರಡೂ ಕೊಡು. ಅಳಬೇಡ, ನಿನ್ನ ದಮ್ಮಯ್ಯ. ಆ ಕಣ್ಣು ಉಳಿಸ್ಕೋ. ಆ ಫೋಟೋಗಳನ್ನ ನೋಡೋಕೆ ನಿಮ್ಮಿಬ್ಬರಲ್ಲಿ ಒಬ್ಬರಾದ್ರೂ ಬೇಕು. ದಿನಾ ಹೊರಗೇ ಅತ್ತು, ನಲ್ಲೀಲಿ ಮುಖ ತೊಳ್ಕೊಂಡು ಒಳಗೆ ಬರ್ತಿದ್ದೆ, ಇನ್ಮೇಲೆ ಅದೂ ಬೇಡ. ಹೊಲಿಗೆ ಬಿಚ್ಚೋವರೆಗೂ ನಿನ್ನ ಪಾಲಿನದ್ದೂ ನಾನೇ ಅಳ್ತೀನಿ. ನನ್ನ ಕಣ್ಣಿಗೆ ಹೊಲಿಗೆ ಹಾಕಿಲ್ಲ...