ತಂಗಿಗೆಂದು ಒಂದು ಚಿಟಿಕೆ ಹೆಚ್ಚು

ವೇದಿಕೆಯ ನಡುವೆ ಕುಳಿತಿರುವ ಅಧ್ಯಕ್ಷರೇ, ನಮ್ಮಕ್ಕನಿಗೆ ಸಂಶೋಧನೆ ಕಲಿಸಿದ ಗುರುಗಳೇ, ಹಿಂದಿನ ಸಾಲಿನವರೆಗೂ ತುಂಬಿರುವ ಸಭಿಕರೇ,

ಸನ್ಮಾನ ಅಕ್ಕನಿಗೆ, ಮಾತಾಡುವ ಪಾಳಿ ನನಗೆ. ಮನೆಯಲ್ಲಿ ಬಾಯಿ ಮುಚ್ಚದವಳು ನಾನು. ಮೈಕ್ ಕಂಡರೆ ಮಾತ್ರ ನಾಲಿಗೆ ಒಣಗುತ್ತದೆ.

ನನ್ನ ಎಡಗಾಲಿಗೆ ಬಲವಿಲ್ಲ. ಪ್ಲಾಸ್ಟಿಕ್ಕಿನ ಆಸರೆ ಕಟ್ಟಿಕೊಂಡೇ ನಡೆಯಬೇಕು. ಚಿಕ್ಕಂದಿನಲ್ಲಿ ಅದು ಹಿಮ್ಮಡಿಯ ಹತ್ತಿರ ಚಟ್ಟೆಂದು ಸೀಳುತ್ತಿತ್ತು, ಹೆಚ್ಚಾಗಿ ಮೆಟ್ಟಿಲ ಮೇಲೆಯೇ. ನಮ್ಮ ಶಾಲೆಯಲ್ಲಿ ದೊಡ್ಡ ತರಗತಿಗಳು ಮಹಡಿಯಲ್ಲಿದ್ದವು. ಹಾಗಾಗಿ ನನ್ನ ಓದು ಕೆಳಗೇ ಮುಗಿಯಿತು. ಇರಲಿ, ಅದು ಇವತ್ತಿನ ವಿಷಯವಲ್ಲ.

ಆ ಪ್ಲಾಸ್ಟಿಕ್ ಯಾಕೆ ಸೀಳುತ್ತದೆ? ನಾವೆಲ್ಲ ಬೈದುಕೊಂಡು ಕೇಳಿದೆವು. ಅಕ್ಕ ಓದಿಕೊಂಡು ಕೇಳಿದಳು. ಒಮ್ಮೆ ಲ್ಯಾಬಿಗೆ ಕರೆದೊಯ್ದು ಮೈಕ್ರೋಸ್ಕೋಪಿನಲ್ಲಿ ತೋರಿಸಿದಳು. ಕರಗಿದ ಪಾಲಿಮರ್, ಅಂದರೆ ಆ ಪ್ಲಾಸ್ಟಿಕ್ಕೇ, ಆರುತ್ತಾ ಬಂದಂತೆ, ದೊಡ್ಡ ದೊಡ್ಡ ಹರಳುಗಳು ಹೂವಿನಂತೆ ಅರಳಿ, ಒಂದಕ್ಕೊಂದು ತಾಗಿ ನಿಂತವು.

"ಹೂವು ಹೂವು ಸೇರೋ ಗೆರೆ ನೋಡೇ. ಅದು ಸೀಳೋದು ಅಲ್ಲೇ."

ಇನ್ನೊಂದು ಚೂರಿಗೆ ಕಾರ್ಬನ್ ನ್ಯಾನೋಟ್ಯೂಬ್ ಎಂಬ ಕಪ್ಪು ಪುಡಿ ಬೆರೆಸಿದ್ದಳು. ಕೂದಲಿಗಿಂತ ಸಾವಿರಾರು ಪಟ್ಟು ತೆಳುವಾದ ಕೊಳವೆಗಳಂತೆ! ಪಾಲಿಮರಿನ ಎಳೆಗಳು ಅವುಗಳ ಮೈ ಹಿಡಿದುಕೊಂಡೇ ಜೋಡಿಸಿಕೊಳ್ಳುತ್ತವೆ, ಅದೂ ಬೇಗ, ಎಲ್ಲ ಕಡೆಯೂ ಒಟ್ಟಿಗೆ. ದೊಡ್ಡ ಹೂವಿಗೆ ಜಾಗವೆಲ್ಲಿ? ಬರೀ ಸಾಸಿವೆಯಂಥ ಸಣ್ಣ ಹರಳುಗಳು. ಸೀಳು ಓಡಲು ಉದ್ದನೆಯ ಗೆರೆಯೇ ಇಲ್ಲ. ಅಕ್ಕನನ್ನು ಅವತ್ತು ನಾನು ಬೆರಗಿನಿಂದ ನೋಡಿದೆ.

ಆದರೆ ಅದರಿಂದ ನನಗೆಂದು ಮಾಡಿದ ಮೊದಲ ಆಸರೆ ಲ್ಯಾಬಿನ ಬಾಗಿಲು ದಾಟುವಷ್ಟರಲ್ಲೇ ಮುರಿಯಿತು. ಮುರಿದ ಅಂಚಿನಲ್ಲಿ ಒಂದು ಕಪ್ಪು ಗಂಟು. ಗುರುಗಳು ಕನ್ನಡಕ ಮೇಲೇರಿಸಿ ಕೇಳಿದರು:

"ಪುಡಿ ಎಷ್ಟು ಹಾಕಿದೆಯಮ್ಮಾ?"

"ಸ್ವಲ್ಪ ಜಾಸ್ತಿ ಸರ್."

"ಯಾಕೆ?"

"ತಂಗಿಗಲ್ವಾ ಸರ್..."

ಸಭಿಕರೇ, ಬಡಿಸುವ ಕೈ ನಮ್ಮವರದಾದರೆ ಹೀಗೇ! ಹೆಚ್ಚಾದ ಕೊಳವೆಗಳು ಒಂದನ್ನೊಂದು ತಬ್ಬಿ ಗಂಟಾಗಿದ್ದವು. ಅಕ್ಕ ಅತ್ತಳು. ಆಮೇಲೆ ಪುಡಿ ಕಡಿಮೆ ಮಾಡಿ, ಎಷ್ಟೋ ಹೊತ್ತು ಕೂತು ಅದನ್ನು ಬಿಡಿಬಿಡಿಯಾಗಿಸಿದಳು. ನನಗೆ ಕಡಿಮೆ ಹಾಕುವುದು ಅವಳಿಗೆ ಎಷ್ಟು ಕಷ್ಟವಾಗಿರಬೇಕು! ತಟ್ಟೆಗೆ ಅನ್ನ ಬಡಿಸುವಾಗಲೂ ಅವಳಿಗದು ಆಗುವುದಿಲ್ಲ.

ಆ ಹೊಸ ಆಸರೆಯನ್ನೇ ಈಗ ಕಟ್ಟಿಕೊಂಡಿದ್ದೇನೆ. ಸಮನೆಲದ ಮೇಲೆ ನಡೆದಿದ್ದೆ, ಮೆಟ್ಟಿಲು ಇವತ್ತೇ ಮೊದಲು. ಈ ವೇದಿಕೆ ಹತ್ತುವಾಗ ಅಕ್ಕ ಕೈ ಕೊಡಲು ಎದ್ದಳು, ನಾನು ಬೇಡವೆಂದೆ. ನೀವೂ ನೋಡಿದಿರಿ.

ಒಣಗಿದ ನಾಲಿಗೆಯ ಮಾತನ್ನು ಇಷ್ಟು ಹೊತ್ತು ಕೇಳಿದಿರಿ, ಉಪಕಾರವಾಯಿತು. ಈಗ ಇಳಿಯುತ್ತೇನೆ. ನಾನು ಕೆಳಗೆ ಮುಟ್ಟುವವರೆಗೆ ದಯವಿಟ್ಟು ಚಪ್ಪಾಳೆ ತಟ್ಟಬೇಡಿ. ಆ ಚಟ್ ಎನ್ನುವ ಸದ್ದು ಬರಲಿಲ್ಲ ಎನ್ನುವುದನ್ನು ಅಕ್ಕ ತನ್ನ ಕಿವಿಯಾರೆ ಕೇಳಬೇಕು.

ನಮಸ್ಕಾರ.