ಸಾಕು ಅನ್ನಾಕ ಒಬ್ಬರು

...ಸಹಿ ಮಾಡು ಅಂದ್ರ ಪೆನ್ನ ಕೆಳಗಿಟ್ಟಿ? ತಗೋ ಯವ್ವಾ. ನಾ ಮಾಡೇನಿ, ಸಾಕ್ಷಿ ಇಬ್ಬರೂ ಮಾಡಿ ಚಾ ಕುಡ್ಯಾಕ ಹ್ವಾದ್ರು. ನಿಂದೊಂದ ಉಳದೈತಿ. ನೋಟರಿ ಸಿಕ್ಕಾ ಹಿಡಕೊಂಡ ಕುಂತಾನ.

ಯಾಕ ನಗ್ತಿ? ನಗು. ಅವನೂ ನಕ್ಕ. "ಗಟ್ಟಿಮುಟ್ಟ ಅದೀರಿ ಚನಮಲ್ಲಪ್ಪನೋರ, ಈಗ್ಯಾಕ ಇದು?" ಅಂದ. ಗಟ್ಟಿ ಇದ್ದಾಗನ ಬರಸಬೇಕಪಾ, ಬಾಯಿ ನಿಂತ ಮ್ಯಾಲೆ ಯಾರ ಕೇಳ್ತಾರ, ಅಂದೆ.

ಬರಸಿದ್ದು ಇಷ್ಟ. ಇನ್ನ ಏಳಂಗಿಲ್ಲ ಅಂತ ಡಾಕ್ಟರು ಅಂದ್ರ ನನಗ ಉಸಿರಿನ ಮಷೀನ ಬ್ಯಾಡ. ಗಂಟಲಾಗ ನಳಿಗಿ ಬ್ಯಾಡ. ನೋವಿಗೆ ಔಷಧ ಕೊಡ್ರಿ, ನಮ್ಮೂರ ಹುನ್ನೂರಿಗೆ, ಮನಿಗೆ ಒಯ್ರಿ. ನಾ ಏನ ಬೋರವೆಲ್ಲೇನು, ಪೈಪ ಇಳಿಸ್ಕೋತ ಹೋಗಾಕ!

ನಿಮ್ಮತ್ತಿನ್ನ ನೋಡಿಯಲ್ಲ ಹ್ವಾದ ವರ್ಷ? ನಳಿಗಿ ಕಿತ್ತಗೋತಾಳಂತ ಎರಡೂ ಕೈ ಮಂಚಕ್ಕ ಕಟ್ಟಿದ್ರು. ಕೊರಳಾಗಿನ ಲಿಂಗ ಮುಟ್ಟಾಕ ಒದ್ದಾಡಿದ್ಲು. ಹಂಗ ಹ್ವಾದ್ಲು. ನಾ ಹಂಗ ಹೋಗಾವಲ್ಲ.

ಅದಕ್ಕ, ನನಗ ಮಾತ ನಿಂತಾಗ "ಸಾಕು" ಅನ್ನಾಕ ಒಬ್ಬರ ಹೆಸರ ಬೇಕು ಈ ಕಾಗದದಾಗ. ನಿಂದ ಹಾಕಸೇನಿ. ನನ್ನ ಸೊಸಿ, ರಾಜಶ್ರೀ.

ಯಾಕ ಹಂಗ ನೋಡ್ತಿ? ಕಲ್ಮೇಶ? ಅವ ನನ್ನ ಮಗ ಖರೆ, ನಿನ್ನ ಗಂಡ ಖರೆ... ಮೆತ್ತಗಿನಾವ. ಅವ್ವ ಮಲಗಿದಾಗ ಡಾಕ್ಟರ ಮುಂದ ಬರೇ ಅತ್ತ. ನೀ ಒಬ್ಬಾಕಿನ "ಸಾಕ್ರಿ, ಮನಿಗೆ ಒಯ್ಯೂಣು" ಅಂದಿ. ನಾವ ಯಾರೂ ಕೇಳಲಿಲ್ಲ. ಧೈರ್ಯ ಐತಿ ನಿನಗ. ಅದಕ್ಕ ನೀನು. ಅಷ್ಟ.

ಅಷ್ಟ ಅಂದ್ನೆಲ್ಲ! ಮತ್ತೇನ ಇರತೈತಿ?

ಓ... ನಮ್ಮ ತಂಗಿ ಅನಸವ್ವ ನಿನಗ ಅಂದದ್ದೇನು? "ಅತ್ತಿನ್ನ ಕೊಲ್ಲಾಕ ನಿಂತಾಳ" ಅಂತ. ಅನ್ನಲಿ. ನಾಳೆ ಊರ ಮಂದಿ "ಮಾವನ್ನೂ ಮುಗಸಿದ್ಲು" ಅಂತಾರ. ಅನ್ನಲಿ! ನಿನಗೇನು, ಅನಿಸಿಕೊಂಡ ರೂಢಿ ಐತಿ...

ಏನರ ಮಾತಾಡ. ಬೈ ಬೇಕಾದ್ರ.

ರಾಜಶ್ರೀ.

...ಹೂಂ. ಧೈರ್ಯಕ್ಕಲ್ಲ. ಅಪ್ಪನ್ನ ಕೊಂದ ಅಂತ ನನ್ನ ಮಗಗ ಯಾರೂ ಅನಬಾರದು. ಸೊಸಿಗೆ ಅಂದ್ರ ನಡೀತೈತಿ... ಹಂಗ ಅನಕೊಂಡೆ. ನಿನಗ ಮೊದಲ ತಿಳದಿತ್ತ, ಹೌದಲ್ಲ?



ಕೊಡ ಆ ಕಾಗದ. ಹೊಸಾದ ಟೈಪ ಮಾಡಸ್ತೇನಿ. ನೋಟರಿ ಕಾಯ್ತಾನ, ಕಾಯಲಿ.

ಲೇ ಕಲ್ಮೇಶಾ! ಬಾಗಲದಾಗ ಯಾಕ ನಿಂತಿ? ಒಳಗ ಬಾ. ಅಳು ಬೇಕಾದ್ರ. ಆದ್ರ "ಸಾಕು, ನಮ್ಮಪ್ಪನ್ನ ಬಿಡ್ರಿ" ಅನ್ನಾವ ನೀನ.