ದಾಖಲೆಯಲ್ಲಿ ಐನಾಗುಲ್ ಹೆಸರು

ಬೆಳಗಿನಿಂದ ಕಂಪ್ಯೂಟರ್ ಕೆಟ್ಟು ಔಷಧಿ ಚೀಟಿ ಸಿಗದೆ, ದೂರು ಹೇಳಲು ಬುರುಲ್ ಅಜ್ಜಿ ಬಿಶ್ಕೆಕ್ ನಗರದ ಒಂದು ಆಸ್ಪತ್ರೆಯ ಡೈರೆಕ್ಟರ್ ಕೋಣೆಯೆದುರಿನ ಬೆಂಚಿನಲ್ಲಿ ಕೂತಿದ್ದಳು. ಪಕ್ಕದಲ್ಲೇ ಕಂಪ್ಯೂಟರ್ ವಿಭಾಗದ ಐನಾಗುಲ್ ಮತ್ತು ಅವಳ ಕೈಕೆಳಗಿನ ಮೆದೆರ್ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು.

"ಚೀಟಿ ಕೊಡೋ ಹೊಸ ಜಾವಾ ಸರ್ವರ್ ಹಾಕೋವಾಗ ಹಳೇದನ್ನ ಪಕ್ಕದಲ್ಲೇ ಇಡು ಅಂದಿದ್ದೆ. ಹೊಸದು ಏಳದಿದ್ರೆ ಹಳೇದಕ್ಕೆ ತಿರುಗಿಸಬಹುದಿತ್ತು," ಎಂದಳು ಐನಾಗುಲ್.

"ಡಿಸ್ಕಲ್ಲಿ ಜಾಗ ಸಾಲಲಿಲ್ಲ ಅಕ್ಕ, ಹಳೇದನ್ನ ಅಳಿಸಿಬಿಟ್ಟೆ."

"ಅದಿರಲಿ. ಯಾರು ಏನು ಮಾಡಿದ್ರು ಅಂತ ಬರೆದಿಡೋ ಲಿನಕ್ಸ್ ದಾಖಲೇಲಿ, ಅಳಿಸಿದ್ದು ನಾನು ಅಂತ ನನ್ನ ಹೆಸರು ಯಾಕಿದೆ?"

"ನಿಮ್ಮ ಪಾಸ್‌ವರ್ಡಲ್ಲೇ ಒಳಗೆ ಹೋಗಿದ್ದೆ."

"ಅಪ್ಪ ತೀರಿಹೋದ ನಲವತ್ತನೇ ದಿನದ ಕಾರ್ಯಕ್ಕೆ ಊರಿಗೆ ಹೋಗೋವಾಗ ಕೊಟ್ಟಿದ್ದು ಕಣೋ. ಏನಾದ್ರೂ ನಿಂತ್ರೆ ಎಬ್ಬಿಸಲಿ ಅಂತ."

"ಗೊತ್ತು."

"ಯಾರು ಮಾಡಿದ್ದು ಅಂತ ಡೈರೆಕ್ಟರ್ ಕೇಳಿದಾಗ ಏನಂದೆ?"

ಮೆದೆರ್ ಗಡ್ಡ ಕೆರೆದುಕೊಂಡ.

"ದಾಖಲೆ ನೋಡಿ ಅಂದೆ."

"ಈ ಕೆಲಸಕ್ಕೆ ನಿನ್ನ ಸೇರಿಸಿದ್ದೇ ನಾನು."

"ನಾನು ಬಂದು ಮೂರೇ ತಿಂಗಳು ಅಕ್ಕ, ನಿಂತ ಕಾಲಲ್ಲೇ ಕೆಲಸದಿಂದ ತೆಗೀತಿದ್ರು. ನೀವು ಹಳಬರು, ಬೈದು ಬಿಡ್ತಾರೆ ಅಂದ್ಕೊಂಡೆ."

"ಬೈದು ಬಿಡಲಿಲ್ಲ. ರಾಜೀನಾಮೆ ಬರಕೊಂಡು ಬಾ ಅಂದಿದಾರೆ."

ಬಾಗಿಲು ತೆರೆದು ಯಾರೋ ಐನಾಗುಲ್ ಹೆಸರು ಕೂಗಿದರು. ಅವಳು ಎದ್ದಳು. ಮೆದೆರನೂ ಎದ್ದ.

"ನಾನೂ ಬರ್ಲಾ ಅಕ್ಕ?"

"ನಿಜ ಹೇಳೋದಾದ್ರೆ ಬಾ."

ಅವಳು ಬಾಗಿಲು ಹಿಡಿದು ಒಂದು ಗಳಿಗೆ ಕಾದಳು. ಮೆದೆರ್ ಜೇಬಿನಿಂದ ಫೋನ್ ತೆಗೆದು, ಅದನ್ನೇ ನೋಡುತ್ತಾ ಮೆಟ್ಟಿಲಿಳಿದು ಹೋದ.